ನಿದ್ದೆ ಬಾರದ ಮಂಚ

ನಮ್ಮೂರಿನಲ್ಲಿ ಕಡಿದ ಮರ ಸಾಯುವುದಿಲ್ಲ. ಬಾಗಿಲು ಮಾಡಿ ನಿಲ್ಲಿಸಿದರೂ ಬೆಳೆಯುತ್ತದೆ, ಮಣೆ ಮಾಡಿ ಮೇಲೆ ಕೂತರೂ ಬೆಳೆಯುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಅವರೂರಿನಲ್ಲಿ ಕುರ್ಚಿಗಳು ಮಾಡಿಟ್ಟ ಹಾಗೇ ಇರುತ್ತವಂತೆ ಎಂದು ಕೇಳಿ ನಾವು ಬಾಯಿ ಬಿಡುತ್ತೇವೆ. ಯುಗಾದಿಗೆ ಮುಂಚೆ ನಮ್ಮ ಮನೆಗಳ ಬಾಗಿಲುಗಳಿಗೆ ಕ್ಷೌರವಾಗುತ್ತದೆ. ಲಟ್ಟಣಿಗೆಯನ್ನು ಒದ್ದೆಯಾಗಿ ಇಟ್ಟ ಸೊಸೆಗೆ ಅತ್ತೆ ಬೈಯುತ್ತಾಳೆ, ಯಾಕೆಂದರೆ ಬೆಳಗಾಗುವಷ್ಟರಲ್ಲಿ ಅದಕ್ಕೆ ಎರಡೆಲೆ ಮೂಡಿರುತ್ತದೆ. ಶಾಲೆಯ ಬೆಂಚಿನಲ್ಲಿ ಜೂನ್ ತಿಂಗಳಲ್ಲಿ ಕೂತ ಮಕ್ಕಳ ಕಾಲು ನೆಲಕ್ಕೆ ತಾಗುತ್ತದೆ, ಪರೀಕ್ಷೆಯ ಹೊತ್ತಿಗೆ ನೇತಾಡುತ್ತದೆ. ಹಿಂದೊಬ್ಬರು ಪಂಚಾಯ್ತಿ ಚೇರ್ಮನ್ನರು ತಮ್ಮ ಕುರ್ಚಿಯ ಕಾಲು ಕತ್ತರಿಸಲು ಬಿಡಲೇ ಇಲ್ಲ. ಅದು ತಮ್ಮ ವರ್ಚಸ್ಸಿನಿಂದ ಏರುತ್ತಿದೆ ಎಂದು ಅವರ ನಂಬಿಕೆ. ಅವಧಿ ಮುಗಿಯುವ ಹೊತ್ತಿಗೆ ಅವರ ಸಹಿ ಹಾಕಿಸಲು ಜವಾನ ಏಣಿ ಹತ್ತಬೇಕಾಗಿತ್ತು. ಏಣಿಯೂ ಬೆಳೆಯುತ್ತಿತ್ತು, ಅದೊಂದು ಅನುಕೂಲ.

ನಾನು ಮೋನಪ್ಪಾಚಾರಿ, ಈ ಊರಿನ ಬಡಗಿ. ಹೆಸರಿನಲ್ಲಿ ಮೌನವಿದೆ, ಬಾಯಲ್ಲಿಲ್ಲ ಎಂದು ನನ್ನ ಅವ್ವನೇ ದೂರುತ್ತಾಳೆ. ಬೇರೆ ಊರಿನ ಬಡಗಿ ಸಾಮಾನು ಮಾಡಿಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ನನ್ನದು ಹಾಗಲ್ಲ. ಮಾಡುವುದು ಒಂದು ಸಲ, ಅದರ ಕಾಲು ಕತ್ತರಿಸುವುದು ಜನ್ಮವಿಡೀ. ಹಾಗಾಗಿ ಮರಗಳ ಗುಣವೆಲ್ಲ ನನಗೆ ಗೊತ್ತು. ಮಾವು ಹುಚ್ಚು ಮುಂಡೇದು, ಹೇಳಿದ ಮಾತು ಕೇಳುವುದಿಲ್ಲ. ತೇಗಕ್ಕೆ ಜಂಬ. ಹಲಸು ಸೋಮಾರಿ, ಮದುವೆ ಊಟ ಮಾಡಿದವನಂತೆ ಬೇಗ ನಿದ್ದೆಗೆ ಜಾರುತ್ತದೆ. ನಿದ್ದೆ ಎಂದೆನಲ್ಲ, ನಮ್ಮ ಕಸುಬಿನ ಗುಟ್ಟೆಲ್ಲ ಅಲ್ಲೇ ಇರುವುದು. ಸಾಮಾನು ಮಾಡುವ ಮೊದಲು ಮರಕ್ಕೆ ನಿದ್ದೆ ಬರಿಸಬೇಕು. ಸುಣ್ಣದ ನೀರಿನಲ್ಲಿ ನೆನೆಹಾಕಿ, ಬೇವಿನ ಹೊಗೆ ಕೊಟ್ಟು, ಜಂತೆಗೆ ತಲೆಕೆಳಗಾಗಿ ತೂಗುಹಾಕಿದರೆ ಮೇಲು ಯಾವುದು ಕೆಳಗು ಯಾವುದು ಎಂಬುದೇ ಮರೆತು ಅದು ಮಂಕಾಗುತ್ತದೆ.

ಎಲ್ಲಕ್ಕಿಂತ ತಲೆನೋವು ಮದುವೆಯ ಮಂಚ. ಹೊಸದಾಗಿ ಮದುವೆಯಾದವರು ಮಂಚದ ಕಾಲಿನ ಕಡೆ ಗಮನ ಕೊಡುವವರೇ? ನನ್ನ ತಾತನ ಕಾಲದಲ್ಲಿ ಒಬ್ಬ ಮದುಮಗ ನೀರು ಕುಡಿಯಲು ಎದ್ದವನು ತಾನು ಅಟ್ಟದ ಎತ್ತರದಲ್ಲಿರುವುದು ತಿಳಿಯದೆ ಕೆಳಗೆ ಬಿದ್ದು ಸೊಂಟ ಮುರಿದುಕೊಂಡನಂತೆ. ಆಮೇಲೆ ಊರಿನ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಅಳತೆ ಮನೆಯ ಮುದ್ರೆಯಿಲ್ಲದೆ ಯಾವ ಮಂಚವೂ ಮದುವೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಮೂರು ಸಲ ಅಳೆದರೂ ತೇರ್ಗಡೆಯಾಗದ ಮಂಚವನ್ನು ಊರಾಚೆಯ ತೋಪಿನಲ್ಲಿ ನೆಡಬೇಕು. ಮಂಚದ ಜೊತೆಗೆ ಸಂಬಂಧವೂ ಮುರಿದಂತೆ, ಆ ಜೋಡಿಗೆ ಋಣಾನುಬಂಧವಿಲ್ಲ ಎಂದು ಅರ್ಥ. ತೋಪಿನಲ್ಲಿ ಈಗ ನಾಲ್ಕು ಕಾಲಿನ ಮರಗಳು ದಟ್ಟವಾಗಿವೆ. ದನ ಕಾಯುವವರು ಮಧ್ಯಾಹ್ನ ಅವುಗಳ ಮೇಲೆ ಹತ್ತಿ ಮಲಗುತ್ತಾರೆ. ಹೊರಗಿನಿಂದ ಸತ್ತ ಮರ ತಂದು ಮಂಚ ಮಾಡಬಾರದೇ ಎಂದು ನೀವು ಕೇಳಬಹುದು. ಅಂಥ ಮಾತನ್ನು ನಮ್ಮೂರಲ್ಲಿ ಬಾಯಿ ತಪ್ಪಿಯೂ ಆಡಬೇಡಿ. ನಮ್ಮಲ್ಲಿ ಸತ್ತ ಮರದ ಮೇಲೆ ಮಲಗುವುದು ಹೆಣ ಒಂದೇ.

ಆ ಅಳತೆ ಮನೆಯನ್ನು ನಡೆಸುವವಳು ಅನಸೂಯ. ಮೊದಲು ಅವಳ ಅಪ್ಪ ನಡೆಸುತ್ತಿದ್ದರು, ಅವರು ಹೋದ ಮೇಲೆ ಇವಳು. ಮರದಲ್ಲಿ ಬೆಳೆಸುವ ರಸ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ತೂಕಕ್ಕೂ ಸಿಗುವುದಿಲ್ಲ. ಅದನ್ನು ಮೊಳಕೆಗಳ ಬಾಯಲ್ಲಿ ಹೇಳಿಸಬೇಕು. ಅವಳು ಕತ್ತಲೆ ಕೋಣೆಯಲ್ಲಿ ಗೋಧಿ ಮೊಳಕೆ ಬರಿಸುತ್ತಾಳೆ. ಒಂದು ಮಂಕು ಕೆಂಪು ದೀಪ ಬಿಟ್ಟರೆ ಬೇರೆ ಬೆಳಕಿಲ್ಲ, ಬೆಳಕಿನ ಎಳೆ ಕಂಡರೂ ಅವು ಆ ಕಡೆ ತಲೆ ಹಾಕುತ್ತವೆ. ಬೆರಳುದ್ದ ನೆಟ್ಟಗೆ ಬೆಳೆದ ಮೊಳಕೆಗಳ ತುದಿಯನ್ನು ಬ್ಲೇಡಿನಿಂದ ಸವರುತ್ತಾಳೆ. ತಲೆ ಹೋದ ಮೊಳಕೆ ಬೆಳೆಯುವುದನ್ನು ನಿಲ್ಲಿಸಿ ಪೆಚ್ಚಾಗಿ ನಿಲ್ಲುತ್ತದೆ. ಆಮೇಲೆ ಚೈನಾ ಗ್ರಾಸ್ ಕಾಯಿಸಿ, ತಟ್ಟೆಯಲ್ಲಿ ಹಲ್ವದಂತೆ ಗಟ್ಟಿ ಮಾಡಿ, ಅದರ ಮೇಲೆ ಮಂಚದ ಚಕ್ಕೆಗಳನ್ನು ಹರಡುತ್ತಾಳೆ. ಚಕ್ಕೆಯಲ್ಲಿ ರಸವಿದ್ದರೆ ಹಲ್ವಕ್ಕೆ ಇಳಿಯುತ್ತದೆ. ಅದರಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ತುಣುಕು ಕತ್ತರಿಸಿ ಮೊಳಕೆಯ ತಲೆಯ ಮೇಲೆ ಒಂದೇ ಪಕ್ಕಕ್ಕೆ ಕೂರಿಸುತ್ತಾಳೆ. ರಸ ಇಳಿದ ಪಕ್ಕ ಉದ್ದವಾಗುತ್ತದೆ, ಇನ್ನೊಂದು ಪಕ್ಕ ಇದ್ದ ಹಾಗೇ ಇರುತ್ತದೆ, ಮೊಳಕೆ ಬಾಗುತ್ತದೆ. ಎಷ್ಟು ರಸವೋ ಅಷ್ಟು ಬಾಗು. ಸಾಲಿನ ಮೊಳಕೆಗಳ ನೆರಳನ್ನು ಕಾಗದದ ಮೇಲೆ ಬೀಳಿಸಿ, ಶಾಲೆ ಮಕ್ಕಳ ಕೋನಮಾಪಕ ಇಟ್ಟು ಸರಾಸರಿ ತೆಗೆಯುತ್ತಾಳೆ. ಹತ್ತು ಡಿಗ್ರಿ ಮೀರದಿದ್ದರೆ ಮಂಚ ನಿದ್ದೆ ಹೋಗಿದೆ ಎಂದು ಮುದ್ರೆ.

ವರ್ಷಗಟ್ಟಲೆ ನಾನು ಚಕ್ಕೆ ಪೊಟ್ಟಣ ಹಿಡಿದು ಅವಳ ಕಿಟಕಿಯ ಮುಂದೆ ನಿಂತಿದ್ದೇನೆ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಸಂಜೆ ಕಿಟಕಿ ತೆರೆದು, "ಆಚಾರ್ರೇ, ಹದಿನಾಲ್ಕು. ತಗೊಂಡು ಹೋಗಿ," ಎನ್ನುತ್ತಿದ್ದಳು.

"ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಬಾರದೇನಮ್ಮ?"

"ನನ್ನ ಕಣ್ಣು ಕಿರಿದಾದ್ರೆ ನಿಮ್ಮ ಮಂಚ ಕುಳ್ಳಾಗುತ್ತಾ?"

ನಾನು ಬೈದುಕೊಂಡು ಬರುತ್ತಿದ್ದೆ. ಬೈಯುತ್ತಾ ಬೈಯುತ್ತಾ ಯಾವಾಗ ಏನಾಯಿತೋ ಗೊತ್ತಿಲ್ಲ, ಅಳತೆ ಬೇಕಿಲ್ಲದ ಸಾಮಾನಿನ ಚಕ್ಕೆಗಳನ್ನೂ ಒಯ್ಯತೊಡಗಿದೆ. ಒಂದು ದಿನ ಒನಕೆಯ ಚಕ್ಕೆ ಕೊಟ್ಟೆ. "ಒನಕೆಗೆ ಯಾರಾದ್ರೂ ಅಳತೆ ಮಾಡಿಸ್ತಾರಾ?" ಎಂದಳು. ನನ್ನ ಬಾಯಿ ಆವತ್ತು ಹೆಸರಿಗೆ ತಕ್ಕ ಹಾಗೆ ನಡೆದುಕೊಂಡಿತು. ಆಮೇಲೆ ಹೇಗೋ ಧೈರ್ಯ ಮಾಡಿ, ನಾನು ಬಂದದ್ದು ಒನಕೆಗಲ್ಲ, ನಿಮ್ಮನ್ನು ಕೇಳಲು ಎಂದು ಹೇಳಿಬಿಟ್ಟೆ. ಇಬ್ಬರಿಗೂ ನಲವತ್ತು ಹತ್ತಿರ. ಅವಳು ಕಿಟಕಿಯ ಸರಳು ಹಿಡಿದಳು. "ನನ್ನನ್ನ ಮಾಡ್ಕೊಳ್ಳೋದಾದ್ರೂ ಮಂಚ ಅಳತೆಗೆ ಬರ್ಬೇಕು. ಅದು ಗೊತ್ತಿದೆ ತಾನೆ?" ಎಂದಳು. ಅವಳು ಒಪ್ಪಿದ್ದು ಹಾಗೆ. ನಾನು ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವ್ವ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ತಲ್ಲಪ್ಪ ಕೊನೆಗೂ," ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಂಚಕ್ಕೆ ಹಲಸನ್ನೇ ಆರಿಸಿದೆ. ನೆನೆಹಾಕಿದೆ, ಹೊಗೆ ಕೊಟ್ಟೆ, ತೂಗುಹಾಕಿದೆ. ಅಷ್ಟು ಸಾಲದೆಂದು ಅವ್ವ ಅದರ ಕೆಳಗೆ ಕೂತು ಜೋಗುಳ ಹಾಡಿದಳು. ಆ ಹಾಡಿಗೆ ಪಕ್ಕದ ಮನೆಯ ಕೂಸು ಮಲಗಿತು, ನಾನೂ ಮಲಗಿದೆ. ಮಂಚ ಮಲಗಿದೆಯೋ ಇಲ್ಲವೋ ನೋಡೋಣ ಎಂದು ಚಕ್ಕೆ ಕೊಟ್ಟು ಸಂಜೆ ಕಿಟಕಿಗೆ ಹೋದೆ. ಅನಸೂಯ ನನ್ನ ಮುಖ ನೋಡದೆ, "ಇಪ್ಪತ್ತೆರಡು," ಎಂದು ಕಿಟಕಿ ಮುಚ್ಚಿದಳು.

ಇಪ್ಪತ್ತೆರಡು ಎಂದರೆ ನನ್ನ ಕಸುಬಿಗೇ ಅವಮಾನ. ಮತ್ತೆ ಎಲ್ಲವನ್ನೂ ಮೊದಲಿನಿಂದ ಮಾಡಿದೆ, ಸುಣ್ಣದ ನೀರಿನಲ್ಲಿ ನನ್ನ ಕೈಯೇ ಬೆಂದುಹೋಯಿತು. ಎರಡನೇ ಸಲ ಇಪ್ಪತ್ತನಾಲ್ಕು ಬಂತು. ಅವ್ವ ಅಂಗಳದಲ್ಲಿ ಕೂತು, "ಅವ್ಳಿಗೆ ನೀನು ಬ್ಯಾಡ ಕಣ್ಲಾ. ಬಾಯಲ್ಲಿ ಹೇಳಕ್ಕೆ ಆಗ್ದೆ ಮೊಳಕೆ ಕೈಲಿ ಹೇಳಿಸ್ತಾವ್ಳೆ," ಎಂದಳು. ಅವ್ವನನ್ನು ಗದರಿಸಿದೆನಾದರೂ ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಮಾರನೆಯ ದಿನ ಕಿಟಕಿಗೆ ಹೋಗಿ ನೇರವಾಗಿ ಕೇಳಿದೆ. ಅನಸೂಯ ಅತ್ತಿದ್ದಳೆಂದು ಕಾಣುತ್ತದೆ, ಕಣ್ಣು ಕೆಂಪಾಗಿತ್ತು.

"ನಾನು ಬಗ್ಗಿಸ್ತಿಲ್ಲ ಆಚಾರ್ರೇ. ಅವೇ ಬಗ್ತಾ ಇವೆ," ಎಂದಳು. "ಇನ್ನೊಂದು ಸಲ ಇದೆಯಲ್ಲ. ಚೆನ್ನಾಗಿ ಮಲಗಿಸಿ ತನ್ನಿ."

ಇಷ್ಟರಲ್ಲಿ ಊರಿನಲ್ಲಿ ಗುಸುಗುಸು ಎದ್ದಿತ್ತು. ಆ ವರ್ಷ ಒಂದು ಮಂಚವೂ ತೇರ್ಗಡೆಯಾಗಿರಲಿಲ್ಲ. ಹಿಟ್ಟಿನ ಗಿರಣಿಯ ಚೌಡಪ್ಪನ ಮಗಳ ಮಂಚ ಅಳತೆಯಲ್ಲಿ ಎರಡು ಸಲ ಬಿದ್ದುಹೋಗಿ, ಗಂಡಿನ ಕಡೆಯವರು ಬೇರೆ ಹೆಣ್ಣು ನೋಡುತ್ತಿದ್ದಾರೆಂದು ಸುದ್ದಿ. ಚೌಡಪ್ಪ ದೊಡ್ಡ ಆಳು, ಕೋಪ ಬಂದರೆ ಮೀಸೆಯ ಮೇಲಿನ ಹಿಟ್ಟು ಉದುರುತ್ತದೆ. ಅವನು ಪಂಚಾಯ್ತಿ ಕಟ್ಟೆಯಲ್ಲಿ ಎದ್ದು ನಿಂತು, "ನಮ್ಮ ಮಕ್ಕಳ ಮಂಚಕ್ಕೆಲ್ಲ ಇಪ್ಪತ್ತು ಇಪ್ಪತ್ತೈದು ಅಂದ್ಲು. ಈಗ ಅವಳದ್ದೇ ಮಂಚ ಮೂರನೇ ಸಲಕ್ಕೆ ಬಂದದೆ. ಹತ್ತು ಅಂದ್ಬಿಟ್ರೆ ಯಾರು ನೋಡೋರು? ಈ ಸಲ ನಾವು ಒಳಗೆ ಕೂತ್ಕಂಡು ನೋಡ್ತೀವಿ," ಎಂದ. ಮದುವೆಯಾಗುವವಳೇ ಅಳೆಯುವುದು ಸರಿಯೇ ಎಂದು ಚರ್ಚೆಯಾಯಿತು. ಆ ಕೆಲಸ ಬೇರೆ ಯಾರಿಗೂ ಬಾರದು ಎಂದು ಗೊತ್ತಾಗಿ ಚರ್ಚೆ ಮುಗಿಯಿತು. ಚೌಡಪ್ಪ, ಶಾಲೆಯ ಹೆಡ್‌ಮೇಷ್ಟ್ರು, ನಾನು ಮತ್ತು ಅವ್ವ ಒಳಗೆ ಕೂರುವುದೆಂದು ತೀರ್ಮಾನವಾಯಿತು. ಅನಸೂಯ ಒಪ್ಪಿದಳು.

ಅಳತೆಯ ದಿನ ಬೆಳಗ್ಗೆ, ಮತ್ತೊಮ್ಮೆ ಮಲಗಿಸಿದ ಮಂಚದ ಚಕ್ಕೆ ಪೊಟ್ಟಣವನ್ನು ತಾನೇ ತರುವೆನೆಂದು ಅವ್ವ ಹಟ ಹಿಡಿದಳು. ತಾಯಿಯ ಕೈಗುಣ ಒಳ್ಳೆಯದು ಎಂದಳು, ಕೊಟ್ಟೆ. ಅಳತೆ ಮನೆಯ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ತಗಡಿನ ಬಾಗಿಲು, ಕಲ್ಲಿನ ಗೂಡು, ಕೂರಲು ಕಲ್ಲುಚಪ್ಪಡಿ. ಕೆಂಪು ದೀಪದಲ್ಲಿ ನಮ್ಮ ಮುಖಗಳೆಲ್ಲ ಎಲೆ ಅಡಿಕೆ ಉಗಿದಂತೆ ಕಾಣುತ್ತಿದ್ದವು. ಚೌಡಪ್ಪ ಕೂತವನೇ ಅಭ್ಯಾಸಬಲದಿಂದ ಬೀಡಿ ತೆಗೆದು ಕಡ್ಡಿ ಗೀರಲು ಹೋದ. ಅನಸೂಯ ಅವನ ಕೈಯಿಂದ ಬೆಂಕಿಪೊಟ್ಟಣ ಕಸಿದುಕೊಂಡು ಸೀರೆಯ ಮಡಿಕೆಗೆ ಸೇರಿಸಿದಳು. ಊರಿನಲ್ಲಿ ಚೌಡಪ್ಪನ ಕೈಯಿಂದ ಏನನ್ನಾದರೂ ಕಸಿದವರು ಆವರೆಗೆ ಯಾರೂ ಇರಲಿಲ್ಲ. ಅವನು ಬರಿಗೈ ನೋಡಿಕೊಂಡ.

ಅವ್ವ ಕೊಟ್ಟ ಚಕ್ಕೆಯನ್ನು ಹಲ್ವದ ಮೇಲೆ ಹರಡಿ, ಕಾದು, ತುಣುಕು ಕತ್ತರಿಸಿ, ಒಂದೊಂದೇ ಮೊಳಕೆಯ ತಲೆಯ ಮೇಲೆ ಅವಳು ಕೂರಿಸುವಾಗ ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅಷ್ಟು ಸಣ್ಣ ಕೆಲಸವನ್ನು ನನ್ನ ಕೈ ಜನ್ಮದಲ್ಲಿ ಮಾಡಲಾರದು. ಆಮೇಲೆ ಒಂದು ಸಿನಿಮಾ ಮುಗಿಯುವಷ್ಟು ಹೊತ್ತು ಕಾಯಬೇಕು. ಚೌಡಪ್ಪ ಗೊರಕೆ ಹೊಡೆದ. ಮೇಷ್ಟ್ರು ಅವನನ್ನು ತಿವಿದು ಎಬ್ಬಿಸಿ, "ಸಾಕ್ಷಿ ಮಲಗಬಾರದು ಚೌಡಪ್ಪನವರೇ," ಎಂದರು. ಅವ್ವ ಬಾಯಲ್ಲಿ ಏನೋ ಜಪಿಸುತ್ತಾ ನನ್ನ ಕಡೆ ನೋಡಿ ಒಂದೆರಡು ಸಲ ನಕ್ಕಳು. ಇಷ್ಟು ನಿಶ್ಚಿಂತೆಯಾಗಿ ಹೇಗಿದ್ದಾಳೆ ಎಂದು ನನಗೆ ಆಶ್ಚರ್ಯ.

ಹೊತ್ತಾಯಿತು. ಅನಸೂಯ ನೆರಳು ಬೀಳಿಸಿ, ಕೋನಮಾಪಕ ಇಟ್ಟು, ಒಂದೊಂದಾಗಿ ಅಳೆದು ಸರಾಸರಿ ಹಾಕಿದಳು. ಮೇಷ್ಟ್ರು ಪಕ್ಕದಲ್ಲಿ ನಿಂತು ತಾವೂ ಲೆಕ್ಕ ಹಾಕಿದರು. ಅವಳ ದನಿ ಎಂದಿನ ಹಾಗೇ ಇತ್ತು.

"ಇಪ್ಪತ್ಮೂರು," ಎಂದಳು.

ಮುಗಿಯಿತು ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿಬಂತು. ಚೌಡಪ್ಪ ಎದ್ದು ಪಂಚೆ ಕೊಡವಿ, "ತೋಪಲ್ಲಿ ಗುಂಡಿ ತೋಡ್ಸಿ," ಎಂದ. ಆಗ ಅವ್ವ ಕೂತಲ್ಲಿಂದ ಧಡಕ್ಕನೆ ಎದ್ದಳು.

"ಅದ್ಯಾವ ಲೆಕ್ಕದಲ್ಲಿ ಬಗ್ತದೆ ಅದು? ನಾನು ತಂದಿರೋದು ಮಂಚದ ಚಕ್ಕೆ ಅಲ್ಲ ಕಣೇ. ಹೊರಗ್ನಿಂದ ಬಂದ ಟೀ ಪೆಟ್ಟಿಗೇದು. ಶೆಟ್ರ ಅಂಗಡಿ ಹಿಂದ್ಗಡೆ ಬಿದ್ದಿತ್ತು, ಕೆತ್ಕಂಡು ಬಂದೆ. ಸತ್ತ ಮರ ಅದು. ಸತ್ತ ಮರ ಇಪ್ಪತ್ಮೂರು ಬೆಳೀತದಾ?"

ಮಗನ ಮದುವೆಗಾಗಿ ಮೋಸ ಮಾಡಿದೆ ಎಂಬುದನ್ನು ಅವಳು ಎದೆ ತಟ್ಟಿಕೊಂಡು ಹೇಳಿದ್ದಳು. ಹೇಳಿಯಾದ ಮೇಲೆ ಹೇಳಿದ್ದೇನೆಂದು ಹೊಳೆದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಚೌಡಪ್ಪನಿಗೆ ಯಾವುದಕ್ಕೆ ಮೊದಲು ಕೋಪಿಸಿಕೊಳ್ಳಬೇಕೆಂದು ತಿಳಿಯಲಿಲ್ಲ, ಮೋಸಕ್ಕೋ, ಸತ್ತ ಮರವನ್ನು ಮದುವೆಯ ಅಳತೆಗೆ ತಂದದ್ದಕ್ಕೋ, ಅದು ಬಾಗಿದ್ದಕ್ಕೋ. ನಾನು ಅನಸೂಯಳನ್ನು ನೋಡಿದೆ. ಅವಳು ಸಿಟ್ಟಾಗಿರಲಿಲ್ಲ.

"ಸತ್ತ ಮರ ಅಂತ ಖಂಡಿತವಾಗಿ ಗೊತ್ತೇನಮ್ಮ ನಿಮಗೆ?" ಎಂದು ಅವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ಅವ್ವ ತಲೆಯಾಡಿಸಿದಳು. "ಹಾಗಾದ್ರೆ ಎಲ್ರೂ ಕೂತ್ಕೊಳ್ಳಿ. ಯಾವ ಚಕ್ಕೇನೂ ಇಲ್ದೆ ಬರೀ ಹಲ್ವ ಇಟ್ಟು ನೋಡ್ತೀನಿ."

ಮತ್ತೊಂದು ಸಾಲು ಮೊಳಕೆಗಳ ತಲೆ ಸವರಿದಳು, ಚಕ್ಕೆ ತಾಗದ ಬರೀ ತುಣುಕುಗಳನ್ನು ಕೂರಿಸಿದಳು. ಮತ್ತೆ ಒಂದು ಸಿನಿಮಾದಷ್ಟು ಹೊತ್ತು. ಅನಸೂಯ ಮೊಳಕೆಗಳಿಗೆ ಮುಸುಕು ಹಾಕಿದ ಮೇಲೆ ಚೌಡಪ್ಪನ ಹೆಂಡತಿ ಬಾಗಿಲ ಸಂದಿಯಲ್ಲಿ ಉಪ್ಪಿಟ್ಟಿನ ಡಬ್ಬಿ ತಳ್ಳಿದಳು. ಕತ್ತಲೆಯಲ್ಲಿ ಮೆಣಸಿನಕಾಯಿ ಯಾವುದು ಬೀನ್ಸು ಯಾವುದು ಎಂದು ತಿಳಿಯದೆ ಅವನು ಎರಡು ಸಲ ಕಣ್ಣಲ್ಲಿ ನೀರು ತಂದುಕೊಂಡ. ಕೊನೆಗೆ ಅನಸೂಯ ನೆರಳು ಬೀಳಿಸಿದಳು. ಅಳೆಯುವ ಅಗತ್ಯವೇ ಇರಲಿಲ್ಲ, ನಮಗೆಲ್ಲ ಕಾಣುತ್ತಿತ್ತು. ಬರೀ ಹಲ್ವ ಹೊತ್ತ ಮೊಳಕೆಗಳು ದೊಡ್ಡವರಿಗೆ ನಮಸ್ಕಾರ ಮಾಡುವ ಹಾಗೆ ಸಾಲಾಗಿ ಬಾಗಿದ್ದವು.

"ರಸ ಹಲ್ವದಲ್ಲೇ ಇದೆ," ಎಂದರು ಮೇಷ್ಟ್ರು. "ಹಲ್ವಕ್ಕೆ ಎಲ್ಲಿಂದ ಬಂತು?"

ಅನಸೂಯ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಗೂಡಿನ ಹತ್ತಿರ ಹೋಗಿ, ಹಲ್ವ ಹರವಿದ್ದ ತಟ್ಟೆಯನ್ನು ಎತ್ತಿಕೊಂಡು ದೀಪದ ಕೆಳಗೆ ಹಿಡಿದಳು. ನನಗೆ ಆಗ ಗುರುತು ಸಿಕ್ಕಿತು. ಅದು ನಾನೇ ಕೆತ್ತಿದ ಮರದ ತಟ್ಟೆ. ಅವಳು ಒಪ್ಪಿದ ವಾರವೇ, ಖುಷಿ ತಡೆಯಲಾರದೆ, ಒಂದು ಎಳೆ ಹಲಗೆಯಲ್ಲಿ ಎದುರುಬದುರು ಎರಡು ಗಿಳಿ ಕೆತ್ತಿ ಕೊಟ್ಟಿದ್ದೆ. ನಿದ್ದೆ ಬರಿಸುವಷ್ಟು ತಾಳ್ಮೆ ಯಾರಿಗಿತ್ತು. ಹೂವು ಇಡಲೋ ಬಳೆ ಇಡಲೋ ಬೇಕಾಗುತ್ತದೆ, ಮನೆಯಲ್ಲಿ ಇಟ್ಟುಕೊಂಡಿರುತ್ತಾಳೆ ಎಂದು ನಾನು ತಿಳಿದಿದ್ದೆ. ಈಗ ನೋಡಿದರೆ ಆ ತೇವದಲ್ಲಿ ಎರಡೂ ಗಿಳಿಗಳ ಕೊಕ್ಕಿನಲ್ಲಿ ಪುಟ್ಟ ಚಿಗುರು ಒಡೆದಿತ್ತು.

"ಅಪ್ಪ ಸಾಯೋವಾಗ್ಲೂ ಹೇಳಿದ್ರು, ಅಳೆಯೋ ಚಕ್ಕೆ ಬಿಟ್ಟು ಈ ಕೋಣೆ ಒಳಕ್ಕೆ ಒಂದು ಕಡ್ಡಿ ಮರಾನೂ ತರಬೇಡ ಅಂತ," ಎಂದಳು ಅನಸೂಯ. ತಟ್ಟೆಯನ್ನು ಎದೆಗೆ ಒತ್ತಿಕೊಂಡಿದ್ದಳು. "ಮೊದಲು ಪಿಂಗಾಣಿ ತಟ್ಟೆ ಇತ್ತು. ನಾನು ದಿನಾ ಇರೋದು ಇಲ್ಲೇ. ಇದನ್ನ ಮನೇಲಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ಸುಮ್ನೆ ನೋಡ್ತಾ ಇರೋಣ ಅಂತ ತಂದೆ. ಆಮೇಲೆ ಉಪಯೋಗಿಸ್ದೆ."

ನನ್ನ ಬದುಕಿನಲ್ಲಿ ಯಾರೂ ನನಗೆ ಇಂಥ ಮಾತು ಹೇಳಿರಲಿಲ್ಲ. ಅದನ್ನು ಚೌಡಪ್ಪನ ಎದುರಿಗೇ ಕೇಳಬೇಕಾಗಿ ಬಂದದ್ದು ನನ್ನ ಹಣೆಬರಹ.

"ಅಂದ್ರೆ ನಮ್ಮ ಹುಡುಗಿ ಮಂಚ?" ಎಂದ ಚೌಡಪ್ಪ.

"ಅದೂ ತಪ್ಪು ಯಜಮಾನ್ರೇ. ಈ ತಟ್ಟೆ ಬಂದ ಮೇಲೆ ಅಳೆದಿದ್ದೆಲ್ಲ ತಪ್ಪು."

"ನೀವಿಬ್ರು ಗಿಳಿ ಕೆತ್ಕಂಡು ಕೂತಿದ್ದಕ್ಕೆ ನನ್ ಮಗಳು ಮನೇಲಿ ಕೂತವ್ಳೆ," ಎಂದ ಅವನು. ದನಿ ಎತ್ತರಿಸಲಿಲ್ಲ, ಅದೇ ಭಯವಾಗುವಂತಿತ್ತು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಈಗ ತಟ್ಟೆ ಡೊಂಕಾ? ಮೇಷ್ಟ್ರೇ, ನಾಳೆಯಿಂದ ಇವಳ ಕೈಗೆ ಈ ಮನೆ ಬೀಗದ ಕೈ ಇರಕೂಡದು."

ಅನಸೂಯ ಸೊಂಟದಿಂದ ಬೀಗದ ಕೈ ತೆಗೆದು ಕಲ್ಲಿನ ಮೇಲೆ ಇಟ್ಟಳು. "ಇಟ್ಕೊಳ್ಳಿ. ಆದ್ರೆ ಇವತ್ತಿನ ಕೆಲಸ ಮುಗಿದಿ‍ಲ್ಲ. ಮಂಚದ ನಿಜವಾದ ಚಕ್ಕೆ ಬರ್ಲಿ, ಹಳೇ ಪಿಂಗಾಣಿ ತಟ್ಟೇಲಿ ಅಳೆದು ಕೊಡ್ತೀನಿ."

ಹಾಗಾದರೆ ಹಿಂದಿನ ಎರಡು ಅಳತೆಗಳು ರದ್ದು, ಇದು ಮೊದಲನೆಯದು ಎಂದರು ಮೇಷ್ಟ್ರು. ಚೌಡಪ್ಪ ಒಪ್ಪಲಿಲ್ಲ. ತಪ್ಪು ಮಾಡಿದವರಿಗೆ ಮೂರು ಸಲ ಬೇರೆ ಕೊಡಬೇಕೇ, ಮೂರನೆಯದು ಎಂದು ಊರು ಕೂಡಿಸಿದ ಮೇಲೆ ಮೂರನೆಯದೇ ಎಂದ. ನಾನು ಜಗಳಕ್ಕೆ ಏಳುವಷ್ಟರಲ್ಲಿ ಅನಸೂಯ, "ಆಗ್ಲಿ, ಇದೇ ಮೂರನೇದು," ಎಂದುಬಿಟ್ಟಳು. ನಾನು ಮನೆಗೆ ಓಡಿ ಮಂಚದ ನಾಲ್ಕೂ ಕಾಲಿನಿಂದ ಚಕ್ಕೆ ತೆಗೆದು ತಂದೆ. ಬಾಗಿಲ ಹೊರಗೆ ಅರ್ಧ ಊರು ಸೇರಿತ್ತು. ಪೊಟ್ಟಣವನ್ನು ದಾರಿಯಲ್ಲಿ ಮೂವರು ಮೂಸಿ ನೋಡಿದರು, ಟೀ ವಾಸನೆ ಬರುತ್ತದೆಯೋ ಎಂದು.

ಈ ಸಲ ಚೌಡಪ್ಪ ಗೊರಕೆ ಹೊಡೆಯಲಿಲ್ಲ. ಅವ್ವ ಜಪಿಸಲಿಲ್ಲ. ಹೊತ್ತಾದ ಮೇಲೆ ಅನಸೂಯ ನೆರಳು ಬೀಳಿಸಿದಾಗ ಮೊಳಕೆಗಳು ಬಹುಮಟ್ಟಿಗೆ ನೆಟ್ಟಗಿದ್ದವು, ಚೂರೇ ಚೂರು ಓರೆ. ಅವಳು ಮೊದಲಿನಿಂದ ಕೊನೆಯವರೆಗೆ ಅಳೆದಳು. ಮತ್ತೆ ಕೊನೆಯಿಂದ ಮೊದಲಿನವರೆಗೆ ಅಳೆದಳು. ಸರಾಸರಿ ಹಾಕಿದಳು. ಆಮೇಲೆ ಕೋನಮಾಪಕವನ್ನು ಕೆಳಗಿಟ್ಟು, ನನ್ನ ಮುಖ ನೋಡುತ್ತಾ ಹೇಳಿದಳು.

"ಹನ್ನೊಂದು."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. "ಹತ್ತೂವರೆ ಅನ್ನಬಹುದೇನೋ ತಾಯಿ. ಈ ಬೆಳಕಲ್ಲಿ ಅರ್ಧ ಡಿಗ್ರಿ ಯಾರಿಗೆ ಕಾಣುತ್ತೆ? ಹತ್ತು ಅಂತ ಬರೆದರೂ..."

"ಹನ್ನೊಂದು ಮೇಷ್ಟ್ರೇ," ಎಂದಳು ಅವಳು. ದನಿ ಒಡೆಯಿತು, ಮಾತು ಮಾತ್ರ ಬದಲಾಗಲಿಲ್ಲ. ಅವ್ವ ಗೋಡೆಗೆ ಮುಖ ಮಾಡಿ ಅಳತೊಡಗಿದಳು. ನನಗೂ ಅಳು ಬಂತು, ಸಿಟ್ಟೂ ಬಂತು. ಅದರ ನಡುವೆ ಒಂದು ವಿಚಾರ ಹೊಳೆಯಿತು. ಅವಳು ಹತ್ತು ಎಂದಿದ್ದರೆ ನನಗೆ ಆವತ್ತೇ ಮದುವೆ ಗೊತ್ತಾಗುತ್ತಿತ್ತು. ಆದರೆ ನಾನು ಇಷ್ಟು ವರ್ಷ ಯಾರ ಕಿಟಕಿಯ ಮುಂದೆ ನಿಂತಿದ್ದೆನೋ ಅವಳ ಜೊತೆಗಲ್ಲ.

ಚೌಡಪ್ಪ ಕೂತೇ ಇದ್ದ. ತೋಪು ಎನ್ನಲಿಲ್ಲ, ಗುಂಡಿ ಎನ್ನಲಿಲ್ಲ. ಮೊಳಕೆಗಳನ್ನು ನೋಡಿದ, ಅನಸೂಯಳನ್ನು ನೋಡಿದ, ಮೀಸೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ ಎದ್ದು ಕಲ್ಲಿನ ಮೇಲಿದ್ದ ಬೀಗದ ಕೈ ತೆಗೆದುಕೊಂಡು ಅವಳ ಕೈಗೆ ತುರುಕಿದ.

"ನನ್ ಮಗಳ ಮಂಚದ ಚಕ್ಕೆ ಬೆಳಿಗ್ಗೆ ತತ್ತೀನಿ," ಎಂದ. "ನೀನೇ ಅಳೀಬೇಕು. ಬ್ಯಾರೆ ಯಾರೂ ಮುಟ್ಟಕೂಡದು." ಬಾಗಿಲವರೆಗೆ ಹೋದವನು ನಿಂತು, ತಿರುಗಿ ನೋಡದೆ, "ಮೇಷ್ಟ್ರು ಹೇಳಿದ್ದೇ ಸರಿ. ಇವರದು ಇದು ಮೊದಲನೇ ಅಳತೆ," ಎಂದು ಗೊಣಗಿ ತಗಡಿನ ಬಾಗಿಲು ತೆರೆದ. ಬೆಳಕು ನುಗ್ಗಿ ಬಂತು.

ಅವ್ವನನ್ನು ಮೇಷ್ಟ್ರು ಕೈಹಿಡಿದು ಹೊರಗೆ ಕರೆದುಕೊಂಡು ಹೋದರು. ನಾನು ಮೇಲುವಸ್ತ್ರದಲ್ಲಿ ಮುಖ ಒರೆಸಿಕೊಂಡು ಹೊರಟೆ. ಹೊಸ್ತಿಲ ಹತ್ತಿರ ಅನಸೂಯ ಕರೆದಳು.

"ಆಚಾರ್ರೇ, ಒಂದೇ ಒಂದು ಡಿಗ್ರಿ," ಎಂದಳು. ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಬೇಗ ಮಾಡ್ಕೊಂಡು ಬನ್ನಿ."

ಇಷ್ಟು ವರ್ಷದಲ್ಲಿ ಅವಳು ಯಾವ ಮಂಚಕ್ಕೂ ಬೇಗ ಎಂದವಳಲ್ಲ. ನಲವತ್ತರ ಬಡಗಿ ನಾನು, ಅರ್ಧ ಊರು ನೋಡುತ್ತಿದ್ದ ಹಾಗೆ, ಪಂಚೆ ಎತ್ತಿ ಕಟ್ಟಿ ಮನೆಯ ಕಡೆಗೆ ಓಡಿದೆ.